ತಲೆಗೆ ಪೆಟ್ಟು ಬಿದ್ದವರು ಮನೆಗೆ ಬಂದ ಮೇಲೆ: ಕೋಪ, ಮಂಕು, ಭಯ ಕಂಡರೆ ಮನೆಯವರು ಏನು ಮಾಡಬೇಕು

ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಲ್ಲ ಇರುತ್ತದೆ. ಹೊಲಿಗೆ ಯಾವಾಗ ಬಿಚ್ಚಬೇಕು, ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ, ಮತ್ತೆ ಯಾವತ್ತು ಬಂದು ತೋರಿಸಬೇಕು. ಮನೆಗೆ ಬಂದ ಮನುಷ್ಯ ತಟ್ಟೆ ಎಸೆಯಬಹುದು, ಸ್ನಾನಕ್ಕೂ ಏಳದೆ ಕೂತಿರಬಹುದು, ಟಿವಿ ಜಾಹೀರಾತು ನೋಡಿ ಬಿಕ್ಕಿ ಬಿಕ್ಕಿ ಅಳಬಹುದು ಎಂದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ ಮನೆಯವರು ಅದಕ್ಕೆ ತಮಗೆ ತೋಚಿದ ಹೆಸರಿಡುತ್ತಾರೆ. ಕೊಬ್ಬು. ಸೋಮಾರಿತನ. ನಾಟಕ. ದೃಷ್ಟಿ. ಗ್ರಹಚಾರ.

ಹನುಮಂತನಗರದಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಕೋಡುಬಳೆ, ನಿಪ್ಪಟ್ಟು, ಹಪ್ಪಳ, ಸಂಡಿಗೆ, ಪುಳಿಯೋಗರೆ ಗೊಜ್ಜು. ನಾನು, ನನ್ನ ತಮ್ಮ ಸೇರಿ ನಡೆಸುತ್ತೇವೆ. ಕನಕಪುರ ರಸ್ತೆಯಲ್ಲಿ ಅವನ ಬೈಕಿಗೆ ಹಿಂದಿನಿಂದ ಕಾರು ಗುದ್ದಿತು. ಹೆಲ್ಮೆಟ್ ಇತ್ತು, ಪಟ್ಟಿ ಹಾಕಿರಲಿಲ್ಲ. ಹಣೆಯ ಹಿಂದೆ ಮೆದುಳಿಗೆ ಪೆಟ್ಟಾಗಿ ರಕ್ತ ಕಟ್ಟಿತ್ತು. ಆಪರೇಷನ್ ಬೇಕಾಗಲಿಲ್ಲ. ಐಸಿಯುನಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ ಬಂದ. ನಡೆಯುತ್ತಿದ್ದ, ಮಾತಾಡುತ್ತಿದ್ದ, ಎಲ್ಲರ ಗುರುತೂ ಹಿಡಿಯುತ್ತಿದ್ದ. ನೋಡಲು ಬಂದವರೆಲ್ಲ "ದೇವರು ದೊಡ್ಡವನು" ಅಂದು ಸೇಬು ಕೊಟ್ಟು ಹೋದರು. ನಮ್ಮ ತಾಪತ್ರಯ ಶುರುವಾದದ್ದು ಅದಾದ ಮೇಲೆ.

ನಾನು ಡಾಕ್ಟರ್ ಅಲ್ಲ. ಇಲ್ಲಿರುವುದು ಮನೆಯವರು ಮಾಡಬಹುದಾದ ಕೆಲಸ. ಅದರಲ್ಲಿ ಒಂದನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿನ ನಂತರ ಬರುವ ಕೋಪ, ಮಂಕುತನ, ಭಯಕ್ಕೆ ಚಿಕಿತ್ಸೆ ಇದೆ. ಆದರೆ ಐದು ನಿಮಿಷದ ಚೆಕಪ್‌ನಲ್ಲಿ ಡಾಕ್ಟರ್ ತಾವಾಗಿಯೇ ಅದನ್ನು ಕೇಳುವುದು ಅಪರೂಪ. ತಲೆನೋವು ಇದೆಯಾ, ಫಿಟ್ಸ್ ಬಂತಾ, ಇಷ್ಟೇ. ಉಳಿದದ್ದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಸರಿಯಾಗಿ ಹೇಳಬೇಕಾದರೆ ಬರೆದಿಟ್ಟಿರಬೇಕು.

ಯಾಕೆ ಹೀಗಾಗುತ್ತದೆ

ತಲೆಬುರುಡೆಯ ಒಳಭಾಗ ಎಲ್ಲ ಕಡೆ ನುಣ್ಣಗಿರುವುದಿಲ್ಲ. ಕಣ್ಣಿನ ಗೂಡಿನ ಮೇಲೆ, ಕಿವಿಯ ಒಳಭಾಗದ ಕಡೆ ಮೂಳೆ ಒರಟಾಗಿರುತ್ತದೆ. ತಲೆ ರಭಸದಿಂದ ಅಲ್ಲಾಡಿದಾಗ ಮೆದುಳಿನ ಮುಂಭಾಗ ಮತ್ತು ಪಕ್ಕದ ಭಾಗ ಆ ಮೂಳೆಗೆ ಉಜ್ಜುತ್ತವೆ. ಪೆಟ್ಟು ಹಿಂದೆ ಬಿದ್ದರೂ ಗಾಯ ಮುಂದೆ ಆಗಬಹುದು. ಸಿಟ್ಟು ತಡೆಯುವುದು, ಕೆಲಸ ಶುರು ಮಾಡುವುದು, ಯಾರ ಮುಂದೆ ಏನು ಮಾತಾಡಬೇಕು ಎಂದು ತೂಗಿ ನೋಡುವುದು, ಇದೆಲ್ಲ ಆ ಮುಂಭಾಗದ ಕೆಲಸ. ಅಲ್ಲಿ ಪೆಟ್ಟಾದವರು ಬ್ರೇಕ್ ಸವೆದ ಗಾಡಿಯ ಹಾಗೆ. ಇಂಜಿನ್ ಓಡುತ್ತಿರುತ್ತದೆ, ನಿಲ್ಲಿಸುವುದು ಕಷ್ಟ.

ಇನ್ನೊಂದು ತರಹದ ಗಾಯವಿದೆ. ಮೆದುಳಿನ ಒಳಗಿನ ಸಣ್ಣ ಸಣ್ಣ ನರತಂತುಗಳು ಎಳೆದಂತಾಗಿ ಹಾಳಾಗುತ್ತವೆ. ಇದು ಸಿಟಿ ಸ್ಕ್ಯಾನ್‌ನಲ್ಲಿ ಕಾಣದೇ ಇರಬಹುದು. "ಸ್ಕ್ಯಾನ್ ನಾರ್ಮಲ್ ಅಲ್ವಾ, ಇನ್ನೇನು ಇವನದ್ದು" ಎನ್ನುವ ಮಾತು ಅದಕ್ಕೇ ತಪ್ಪು.

ಈ ವಿಷಯದಲ್ಲಿ ಎಲ್ಲರೂ ಹೇಳುವ ಹೆಸರು ಫಿನಿಯಾಸ್ ಗೇಜ್. 1848ರಲ್ಲಿ ಅಮೆರಿಕದಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವಾಗ ಕಬ್ಬಿಣದ ಸರಳೊಂದು ಈ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಂತು. ಬದುಕಿದ, ಆದರೆ ಸ್ವಭಾವವೇ ಬದಲಾಯಿತು ಎಂದು ಅವನ ಡಾಕ್ಟರ್ ಬರೆದಿಟ್ಟರು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಹಿಡಿಸಿದ್ದು ಅದರ ಮುಂದಿನ ಭಾಗ. ಅವನು ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ. ದಿನಾ ಅದೇ ಕೆಲಸ, ಅದೇ ಕ್ರಮ. ಆ ಕ್ರಮವೇ ಅವನನ್ನು ಸುಧಾರಿಸಿರಬಹುದು ಎಂದು ಈಗ ಕೆಲವು ತಜ್ಞರು ಹೇಳುತ್ತಾರೆ. ನಮ್ಮ ಮನೆಯಲ್ಲಿ ನೋಡಿದ ಮೇಲೆ ನಾನೂ ನಂಬುತ್ತೇನೆ.

ಎಷ್ಟು ಜನಕ್ಕೆ ಹೀಗಾಗುತ್ತದೆ ಎಂದು ಕೇಳಿದರೆ, ಸಿಯಾಟಲ್‌ನಲ್ಲಿ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ 559 ಜನರನ್ನು ಒಂದು ವರ್ಷ ಗಮನಿಸಿದ ಅಧ್ಯಯನ 2010ರಲ್ಲಿ ಬಂತು. ಅರ್ಧಕ್ಕಿಂತ ಜಾಸ್ತಿ ಜನ ಆ ವರ್ಷದೊಳಗೆ ಖಿನ್ನತೆಗೆ ಬಿದ್ದಿದ್ದರು. ಅವರಲ್ಲಿ ಅರ್ಧದಷ್ಟು ಜನಕ್ಕೂ ಅದಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅದು ಅಮೆರಿಕದ ಮಾತು. ನಮ್ಮಲ್ಲಿ "ಬದುಕಿ ಬಂದನಲ್ಲ, ಸಾಕು" ಎಂಬ ಒಂದೇ ಮಾತು ಎಲ್ಲರ ಬಾಯಿ ಮುಚ್ಚಿಸಿಬಿಡುತ್ತದೆ.

ಏನೇನು ಕಾಣಬಹುದು

ಮೊದಲ ದಿನಗಳಲ್ಲಿ ಕೆಲವರು ಗೊಂದಲದಲ್ಲೇ ಇರುತ್ತಾರೆ. ಊರು, ದಿನ ಗೊತ್ತಾಗುವುದಿಲ್ಲ, ಡ್ರಿಪ್ ಕಿತ್ತುಹಾಕುತ್ತಾರೆ, ಹೆಂಡತಿಯನ್ನೇ ಬೈಯುತ್ತಾರೆ. ಆಮೇಲೆ ಅದು ಅವರಿಗೆ ನೆನಪೂ ಇರುವುದಿಲ್ಲ. ಅದು ಆ ಹಂತದ ಲಕ್ಷಣ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾನು ಹೇಳುತ್ತಿರುವುದು ಆ ಹಂತ ದಾಟಿ ಮನೆಗೆ ಬಂದ ಮೇಲಿನದು.

ಸಿಟ್ಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಕ್ಷಣದಲ್ಲಿ ಏರುತ್ತದೆ, ಕಾರಣ ಚಿಕ್ಕದಿರುತ್ತದೆ, ಇಳಿದ ಮೇಲೆ ಏನೂ ಆಗಿಲ್ಲ ಎಂಬಂತೆ ಇರುತ್ತಾರೆ. ಕಣ್ಣಿಗೆ ಬೀಳದೇ ಹೋಗುವುದು ಸುಮ್ನೆ ಕೂರುವುದು. ಇದರಲ್ಲಿ ಎರಡು ಬಗೆ. ಒಂದು ಖಿನ್ನತೆ. ಅಲ್ಲಿ ದುಃಖ ಇರುತ್ತದೆ, "ನನ್ನಿಂದ ಎಲ್ಲರಿಗೂ ತೊಂದರೆ" ಎನ್ನುತ್ತಾರೆ, ಊಟ ನಿದ್ದೆ ಕೆಡುತ್ತದೆ, ಹಿಂದೆ ಇಷ್ಟವಿದ್ದದ್ದು ಈಗ ಬೇಡವಾಗುತ್ತದೆ. ಎರಡು ವಾರ ಹೀಗೇ ಇದ್ದರೆ ತೋರಿಸಲೇಬೇಕು. ಇನ್ನೊಂದರಲ್ಲಿ ದುಃಖವೇ ಇರುವುದಿಲ್ಲ. ಕೇಳಿದರೆ "ಚೆನ್ನಾಗಿದ್ದೀನಿ" ಎನ್ನುತ್ತಾರೆ. ಆದರೆ ತಾವಾಗಿ ಏನನ್ನೂ ಶುರು ಮಾಡುವುದಿಲ್ಲ. ಎಬ್ಬಿಸಿ ಬಚ್ಚಲುಮನೆ ತನಕ ಕರೆದುಕೊಂಡು ಹೋದರೆ ಸ್ನಾನ ಮಾಡುತ್ತಾರೆ, ಇಲ್ಲದಿದ್ದರೆ ಇಲ್ಲ. ಇದಕ್ಕೆ ಸೋಮಾರಿತನ ಎಂದು ಬೈದರೆ ಪ್ರಯೋಜನವಿಲ್ಲ. ಕೆಲಸ ಶುರು ಮಾಡಿಸುವ ಭಾಗಕ್ಕೇ ಪೆಟ್ಟಾಗಿದೆ. ಇವೆರಡಕ್ಕೂ ಚಿಕಿತ್ಸೆ ಬೇರೆ ಬೇರೆ, ಆದ್ದರಿಂದ ಯಾವುದು ಎಂದು ಡಾಕ್ಟರ್‌ಗೆ ತಿಳಿಯುವ ಹಾಗೆ ಹೇಳಬೇಕು.

ಕೆಲವರಿಗೆ ಅಳು ಅಥವಾ ನಗು ತಡೆಯಲಾಗದೆ ಬರುತ್ತದೆ. ಒಳಗೆ ಅಷ್ಟು ದುಃಖವೋ ಸಂತೋಷವೋ ಇರುವುದಿಲ್ಲ. ಸಾವಿನ ಮನೆಯಲ್ಲಿ ನಕ್ಕು ಬೈಸಿಕೊಂಡವರ ಬಗ್ಗೆ ಕೇಳಿದ್ದೇನೆ. ಇದೂ ನರದ ತೊಂದರೆಯೇ, ಇದಕ್ಕೂ ಔಷಧ ಇದೆ.

ಭಯ ಇನ್ನೊಂದು. ಅಪಘಾತದ ಕ್ಷಣ ನೆನಪಿಲ್ಲದವರಿಗೂ ಹಾರ್ನ್ ಕೇಳಿದರೆ ಎದೆ ಹೊಡೆದುಕೊಳ್ಳಬಹುದು, ಆ ರಸ್ತೆ ಬೇಡ ಎನ್ನಬಹುದು, ಕೆಟ್ಟ ಕನಸು ಬೀಳಬಹುದು. "ನೆನಪೇ ಇಲ್ಲ, ಭಯ ಎಲ್ಲಿಂದ ಬಂತು" ಎಂದು ವಾದಿಸಬೇಡಿ.

ನಾಲಿಗೆ ಹಿಡಿತ ತಪ್ಪುವುದೂ ಇದೆ. ಹೆಂಗಸರ ಮುಂದೆ ಆಡಬಾರದ ಮಾತು, ಬೇಕಾಬಿಟ್ಟಿ ಆನ್‌ಲೈನ್ ಖರೀದಿ, ಕೇಳಿದವರಿಗೆಲ್ಲ ಸಾಲ. ನನ್ನ ತಮ್ಮ ಒಮ್ಮೆ ಗುರುತೇ ಇಲ್ಲದವನಿಗೆ ಗಲ್ಲಾದಿಂದ ದುಡ್ಡು ತೆಗೆದು ಕೊಟ್ಟ. ಮೊದಲೇ ಯುಪಿಐ ದಿನದ ಮಿತಿ ಕಡಿಮೆ ಮಾಡಿಸಿ. ಕ್ರೆಡಿಟ್ ಕಾರ್ಡ್ ಇದ್ದರೆ ಅವರ ಒಪ್ಪಿಗೆ ಪಡೆದು ಬ್ಯಾಂಕಿನ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ. ಅವಮಾನವಾಗದ ಹಾಗೆ ಮಾಡಿ, ಆದರೆ ಮಾಡಿ.

ಅನುಮಾನವೂ ಬರಬಹುದು. ವಸ್ತು ಇಟ್ಟ ಜಾಗ ಮರೆತು "ಯಾರೋ ಕದ್ದರು" ಎನ್ನುವುದು ನೆನಪಿನ ತೊಂದರೆ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು, ಊಟಕ್ಕೆ ವಿಷ ಹಾಕಿದ್ದಾರೆ ಎನ್ನುವುದು ಬೇರೆಯದೇ. ಅದು ಕಡಿಮೆ ಜನಕ್ಕೆ ಬರುತ್ತದೆ, ಬಂದರೆ ತಡಮಾಡಬೇಡಿ.

ಮನೆಯವರ ತಲೆ ಕೆಡಿಸುವುದು ಇನ್ನೊಂದಿದೆ. ತಾನು ಬದಲಾಗಿದ್ದೇನೆ ಎಂದು ಅವರಿಗೇ ಗೊತ್ತಾಗದಿರುವುದು. "ನಂಗೇನಾಗಿದೆ ಅಕ್ಕಾ? ನೀವೇ ಎಲ್ಲಾ ವಿಚಿತ್ರವಾಗಿ ಆಡ್ತಿದ್ದೀರ" ಎನ್ನುತ್ತಿದ್ದ ನನ್ನ ತಮ್ಮ. ಇದು ಸುಳ್ಳಲ್ಲ, ಹಠವೂ ಅಲ್ಲ. ತನ್ನನ್ನು ತಾನು ಗಮನಿಸುವ ಕೆಲಸವನ್ನೂ ಅದೇ ಮೆದುಳು ಮಾಡಬೇಕು. ಇಂಥವರು ಡಾಕ್ಟರ್ ಮುಂದೆ ಹತ್ತು ನಿಮಿಷ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಎಂದರೆ, ಸುಳ್ಳು ಹೇಳುತ್ತಿರುವವರು ನೀವೇ ಎಂದು ಕಾಣುತ್ತದೆ.

ಒಂದು ನೋಟ್‌ಬುಕ್ ಇಡಿ

ಅಂಗಡಿಯ ಲೆಕ್ಕದ ಪುಸ್ತಕದಂಥದ್ದೇ ಒಂದು ಉದ್ದ ಪುಸ್ತಕ ತೆಗೆದುಕೊಂಡೆ. ಏನಾದರೂ ಆದಾಗ ಇಷ್ಟು ಬರೆಯುವುದು: ಯಾವ ದಿನ, ಎಷ್ಟು ಹೊತ್ತು, ಅದಕ್ಕೆ ಮುಂಚೆ ಏನು ನಡೆದಿತ್ತು, ಏನು ಮಾಡಿದ, ಎಷ್ಟು ಹೊತ್ತಿಗೆ ಸರಿಹೋದ, ನಾವು ಏನು ಮಾಡಿದೆವು. ಹಿಂದಿನ ರಾತ್ರಿಯ ನಿದ್ದೆ, ಆವತ್ತಿನ ಊಟ, ತೆಗೆದುಕೊಂಡ ಮಾತ್ರೆ. ನಮ್ಮ ಪುಸ್ತಕದಲ್ಲಿ ಒಂದು ಕಡೆ ಹೀಗಿದೆ:

"ಸೋಮವಾರ ಸಂಜೆ ಆರೂವರೆ. ಅಂಗಡಿಯಲ್ಲಿ ಏಳೆಂಟು ಜನ. ಸೌಂಡ್ ಬಾಕ್ಸ್ ಒಂದೇ ಸಮ ಕೂಗುತ್ತಿತ್ತು. ಒಬ್ಬರು ಅರ್ಧ ಕೆಜಿ ನಿಪ್ಪಟ್ಟು ಎಂದು ತೂಗಿಸಿ ಆಮೇಲೆ ಕಾಲು ಕೆಜಿ ಸಾಕು ಎಂದರು. ತಕ್ಕಡಿ ತಟ್ಟೆ ಎಸೆದ. ಗಿರಾಕಿಗೆ ತಗುಲಲಿಲ್ಲ. ಒಳಗೆ ಹೋಗಿ ಮಲಗಿದ. ಅರ್ಧ ಗಂಟೆ ಬಿಟ್ಟು ಎದ್ದು ಟೀ ಕೇಳಿದ. ಮಧ್ಯಾಹ್ನ ಊಟ ಮಾಡಿರಲಿಲ್ಲ. ರಾತ್ರಿ ನಿದ್ದೆ ಕಡಿಮೆ."

ಹೀಗೆ ಬರೆಯಿರಿ. "ತುಂಬಾ ಕೋಪ ಮಾಡಿಕೊಂಡ" ಎಂದು ಬರೆದರೆ ಡಾಕ್ಟರ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಬೇಸರ, ಬೈಗುಳ ಅದರಲ್ಲಿ ಬೇಡ. ಒಳ್ಳೆಯ ದಿನಗಳನ್ನೂ ಬರೆಯಿರಿ, ಯಾಕೆ ಚೆನ್ನಾಗಿತ್ತು ಎನ್ನುವುದೂ ಅಷ್ಟೇ ಬೇಕು. ಎಲ್ಲರಿಗೂ ಕಾಣುವ ಜಾಗದಲ್ಲಿ ಇಡಬೇಡಿ. ಅವರ ಕೈಗೆ ಸಿಕ್ಕರೆ "ನನ್ನ ಮೇಲೆ ಪೊಲೀಸ್ ಥರ ಕಣ್ಣಿಟ್ಟಿದ್ದೀರಾ" ಎಂಬ ಇನ್ನೊಂದು ಜಗಳ. ಮಾತು ಕೇಳಿಸಿಕೊಳ್ಳುವ ಹಂತಕ್ಕೆ ಬಂದ ಮೇಲೆ ನಾವು ತಮ್ಮನಿಗೇ ತೋರಿಸಿದೆವು. ಆಮೇಲೆ ಅವನೇ ಕೆಲವು ಸಾಲು ಬರೆದ. ಅವನ ಅಕ್ಷರ ಸೊಟ್ಟಗಾಗಿದೆ, ಇರಲಿ.

ಕೆಲವು ವಾರದ ಪುಟ ಒಟ್ಟಿಗೆ ಓದಿದರೆ ಒಂದು ಲೆಕ್ಕ ಸಿಗುತ್ತದೆ. ನಮ್ಮಲ್ಲಿ ಸಿಕ್ಕಿದ್ದು ಇದು. ಸಂಜೆಯ ರಶ್, ಸದ್ದು, ಖಾಲಿ ಹೊಟ್ಟೆ, ಇಬ್ಬರು ಒಟ್ಟಿಗೆ ಮಾತಾಡುವುದು. ಬೆಳಗ್ಗೆ ಅಂಗಡಿಯಲ್ಲಿ ಒಂದು ಸಲವೂ ಸಿಟ್ಟು ಬಂದಿರಲಿಲ್ಲ. ಪೆಟ್ಟಾದ ಮೆದುಳು ಬೇಗ ದಣಿಯುತ್ತದೆ, ದಣಿದ ಮೇಲೆ ತಡೆಯುವ ಶಕ್ತಿ ಉಳಿಯುವುದಿಲ್ಲ. ಇಷ್ಟು ತಿಳಿದ ಮೇಲೆ ಮಾಡಬೇಕಾದ್ದು ದೊಡ್ಡದೇನಲ್ಲ. ಅವನು ಸಂಜೆ ಕೌಂಟರಿನಲ್ಲಿ ನಿಲ್ಲುವುದು ಬಿಟ್ಟ. ಸೌಂಡ್ ಬಾಕ್ಸ್ ದನಿ ತಗ್ಗಿಸಿದೆವು. ಮಧ್ಯಾಹ್ನ ಊಟ ಒಂದೂವರೆಗೆ, ಆಮೇಲೆ ಕತ್ತಲೆ ಕೋಣೆಯಲ್ಲಿ ಒಂದು ಗಂಟೆ ಮಲಗುವುದು, ಫೋನ್ ಹೊರಗೆ.

ಮಾತ್ರೆಯ ಚೀಟಿಯನ್ನೂ ನೋಡಿ

ಈ ವಿಷಯ ಗೊತ್ತಿಲ್ಲದೆ ಎಷ್ಟೋ ಮನೆಯಲ್ಲಿ ಜಗಳವಾಗುತ್ತಿರಬಹುದು. ತಲೆಗೆ ಪೆಟ್ಟಾದವರಿಗೆ ಫಿಟ್ಸ್ ಬಾರದಿರಲಿ ಎಂದು ಲೆವೆಟಿರಾಸಿಟಮ್ ಎಂಬ ಮಾತ್ರೆ ಕೊಡುವುದು ಸಾಮಾನ್ಯ. ಮಾತ್ರೆಯ ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿರುತ್ತದೆ, ಈ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ. ಒಳ್ಳೆಯ ಔಷಧವೇ. ಆದರೆ ಕೆಲವರಿಗೆ ಇದರಿಂದ ಸಿಡುಕು, ಕೋಪ, ಖಿನ್ನತೆ ಬರುತ್ತದೆ. ಡಾಕ್ಟರ್‌ಗಳಿಗೆಲ್ಲ ಗೊತ್ತಿರುವ ಅಡ್ಡ ಪರಿಣಾಮವೇ ಇದು. ನಾವು ನೋಟ್‌ಬುಕ್ ಮುಂದಿಟ್ಟ ಮೇಲೆ ಮನೋವೈದ್ಯರು ಮೊದಲು ಕೇಳಿದ್ದೇ "ಇದನ್ನು ಯಾವಾಗಿಂದ ತಗೊಳ್ತಿದ್ದಾರೆ?" ಎಂದು. ಆಮೇಲೆ ನ್ಯೂರೋಸರ್ಜನ್ ಜೊತೆ ಮಾತಾಡಿ ನಿಧಾನವಾಗಿ ಬೇರೆ ಮಾತ್ರೆಗೆ ಬದಲಿಸಿದರು. ಕೋಪ ಪೂರ್ತಿ ಹೋಗಲಿಲ್ಲ, ಮನೆಯಲ್ಲಿ ಉಸಿರಾಡುವಷ್ಟು ಕಡಿಮೆಯಾಯಿತು.

ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. "ಈ ಮಾತ್ರೆ ಇನ್ನೂ ಎಷ್ಟು ದಿನ ಬೇಕು? ಸಿಡುಕು ಇದರಿಂದ ಇರಬಹುದಾ?" ಎಂದು ಕೇಳಿ, ಅಷ್ಟೇ. ಫಿಟ್ಸ್ ಬಂದೇ ಇಲ್ಲದವರಿಗೆ ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ ಮೊದಲ 7 ದಿನ ಸಾಕು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ಎಷ್ಟೋ ಕಡೆ ಅದು ತಿಂಗಳುಗಟ್ಟಲೆ ಮುಂದುವರಿಯುತ್ತದೆ. ನಿಮ್ಮವರಿಗೆ ಮುಂದುವರಿಸಲು ಕಾರಣ ಇರಬಹುದು. ಕೇಳುವುದರಲ್ಲಿ ತಪ್ಪಿಲ್ಲ.

ನಿದ್ದೆ ಬರುತ್ತಿಲ್ಲ ಎಂದು ಪರಿಚಯದ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದುಕೊಡುವುದು ಬೇಡವೇ ಬೇಡ. ಅವುಗಳಲ್ಲಿ ಕೆಲವು ಮರೆವು, ಗೊಂದಲ ಜಾಸ್ತಿ ಮಾಡುತ್ತವೆ, ಜೋಲಿ ಹೊಡೆದು ಬಿದ್ದರೆ ತಲೆಗೆ ಇನ್ನೊಂದು ಪೆಟ್ಟು.

ಯಾರಿಗೆ ತೋರಿಸಬೇಕು

ಮೊದಲು ತಲೆಗೆ ಚಿಕಿತ್ಸೆ ಕೊಟ್ಟ ಡಾಕ್ಟರ್‌ಗೇ ಹೇಳಿ. ಮನಸ್ಸಿನ ತೊಂದರೆಯಂತೆ ಕಾಣುವುದೆಲ್ಲ ಮನಸ್ಸಿನದೇ ಆಗಿರುವುದಿಲ್ಲ. ರಕ್ತದಲ್ಲಿ ಸೋಡಿಯಂ ಇಳಿದರೂ ಮಂಕು, ಗೊಂದಲ ಬರುತ್ತದೆ. ಪೆಟ್ಟಿನಿಂದ ಪಿಟ್ಯುಟರಿ ಗ್ರಂಥಿ ಸೊರಗಿದರೆ ಹಾರ್ಮೋನು ಕಡಿಮೆಯಾಗಿ ಸುಸ್ತು, ನಿರಾಸಕ್ತಿ, ಲೈಂಗಿಕ ಆಸಕ್ತಿ ಇಲ್ಲದಿರುವುದು, ಎಲ್ಲವೂ ಖಿನ್ನತೆಯ ಹಾಗೇ ಕಾಣುತ್ತವೆ. ಥೈರಾಯ್ಡ್, ಕಾರ್ಟಿಸಾಲ್, ಗಂಡಸರಿಗೆ ಟೆಸ್ಟೋಸ್ಟಿರಾನ್ ಪರೀಕ್ಷೆ ಬೇಕಾ ಎಂದು ಕೇಳಿ.

ಆಮೇಲೆ ಮನೋವೈದ್ಯರು. "ಅವನಿಗೇನು ಹುಚ್ಚಾ" ಎಂದು ಅಮ್ಮ ಎದ್ದು ನಿಂತರು. ನಾನು ಹೇಳಿದ್ದು ಇಷ್ಟೇ: "ಅಮ್ಮಾ, ತಲೆಗೆ ಪೆಟ್ಟಾಗಿದೆ, ತಲೆ ಡಾಕ್ಟರ್‌ಗೇ ತೋರಿಸ್ತಿದ್ದೀವಿ." ಅಮ್ಮ ತಾಯತ ಕಟ್ಟಿಸಿದರು, ನಿಂಬೆಹಣ್ಣು ನಿವಾಳಿಸಿದರು. ನಾನು ತಡೆಯಲಿಲ್ಲ. ಮಾತ್ರೆ ತಪ್ಪಿಸದಿದ್ದರೆ ಸಾಕು, ನಿಂಬೆಹಣ್ಣಿಗೆ ಅಡ್ಡ ಪರಿಣಾಮ ಇಲ್ಲ.

ಬೆಂಗಳೂರಿನಲ್ಲಿರುವವರಿಗೆ ಒಂದು ಅನುಕೂಲ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ನ್ಯೂರೋಸರ್ಜರಿ, ನ್ಯೂರಾಲಜಿ, ಮನೋವೈದ್ಯ ವಿಭಾಗ, ಪುನರ್ವಸತಿ ವಿಭಾಗ, ಕ್ಲಿನಿಕಲ್ ಸೈಕಾಲಜಿ ಎಲ್ಲ ಒಂದೇ ಕಾಂಪೌಂಡಿನಲ್ಲಿವೆ. 1974ರಲ್ಲಿ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯನ್ನೂ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಸೇರಿಸಿ ಕಟ್ಟಿದ್ದು ಅದು. ಬೆಳಗ್ಗೆ ಬೇಗ ಹೋಗಿ, ಇಡೀ ದಿನ ಹಿಡಿಯುತ್ತದೆ ಎಂದುಕೊಂಡೇ ಹೋಗಿ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಫಿಲ್ಮ್ ಅಥವಾ ಸಿಡಿ, ಈಗಿನ ಮಾತ್ರೆಗಳ ಪಟ್ಟಿ, ಆಧಾರ್, ಇದ್ದರೆ ಬಿಪಿಎಲ್ ಕಾರ್ಡ್, ನೋಟ್‌ಬುಕ್. ಬುತ್ತಿ ಮತ್ತು ನೀರು. ಗಲಾಟೆ ತಡೆಯಲಾರದವರಿಗೆ ಟೋಪಿ, ಕಿವಿಗೆ ಹತ್ತಿ. ಜೊತೆಗೆ ಇಬ್ಬರು ಹೋಗಿ. ಒಬ್ಬರು ಕ್ಯೂನಲ್ಲಿ, ಒಬ್ಬರು ಮರದ ಕೆಳಗೆ ಅವರ ಹತ್ತಿರ.

ಡಾಕ್ಟರ್ ಜೊತೆ ಎರಡು ನಿಮಿಷ ಬೇರೆಯಾಗಿ ಮಾತಾಡಲು ಕೇಳಿ. ರೋಗಿಯ ಮುಂದೆಯೇ ದೂರಿನ ಪಟ್ಟಿ ಓದಿದರೆ ಮನೆಗೆ ಹೋಗುವ ಆಟೋದಲ್ಲೇ ಅದರ ಫಲ ಕಾಣುತ್ತದೆ. ಅದಕ್ಕೂ ಅವಕಾಶ ಇಲ್ಲದಿದ್ದರೆ ಮುಖ್ಯವಾದ ನಾಲ್ಕೈದು ಸಾಲು ಒಂದು ಹಾಳೆಯಲ್ಲಿ ಬರೆದು ಫೈಲಿನ ಮೇಲೆ ಇಡಿ. ನೆನಪು, ಗಮನ, ಯೋಜನೆ ಮಾಡುವ ಶಕ್ತಿ ಎಷ್ಟಿದೆ ಎಂದು ನೋಡುವ ನ್ಯೂರೋಸೈಕಾಲಜಿ ಪರೀಕ್ಷೆ ಮಾಡಿಸಲು ಕೇಳಿ. ಅದು ಉದ್ದ, ಬೇಸರ ಬರುತ್ತದೆ. ಆದರೆ ಯಾವ ಕೆಲಸ ಕೊಡಬಹುದು, ಯಾವುದು ಬೇಡ ಎಂದು ಅದರಿಂದಲೇ ಗೊತ್ತಾಗುತ್ತದೆ.

ಮನೋವೈದ್ಯರು ಖಿನ್ನತೆಗೆ ಸರ್ಟ್ರಾಲಿನ್‌ನಂಥ ಮಾತ್ರೆ ಕೊಟ್ಟರೆ ಕಡಿಮೆ ಪ್ರಮಾಣದಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಪೆಟ್ಟಾದ ಮೆದುಳಿಗೆ ಔಷಧದ ಅಡ್ಡ ಪರಿಣಾಮ ಬೇಗ ತಟ್ಟುತ್ತದೆ. ಗುಣ ಕಾಣಲು ವಾರಗಳು ಬೇಕು. ನಾಲ್ಕು ದಿನಕ್ಕೆ "ಏನೂ ಪ್ರಯೋಜನವಿಲ್ಲ" ಎಂದು ಬಿಡಬೇಡಿ. ಕೌನ್ಸೆಲಿಂಗ್ ಕೂಡ ಕೆಲಸ ಮಾಡುತ್ತದೆ, ಮರೆವು ಇರುವವರಿಗೆ ಚಿಕ್ಕ ಚಿಕ್ಕ ಸೆಷನ್ ಇದ್ದು, ಹೇಳಿದ್ದನ್ನು ಬರೆದುಕೊಟ್ಟರೆ ಒಳ್ಳೆಯದು.

ಊರ ಕಡೆ ಇರುವವರು ಪ್ರತಿ ಸಲ ಬೆಂಗಳೂರಿಗೆ ಬರಬೇಕಿಲ್ಲ. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಎಂದು ವಿಚಾರಿಸಿ.

ಮನೆಯಲ್ಲಿ

ಸಿಟ್ಟು ಏರುತ್ತಿರುವಾಗ ಬುದ್ಧಿ ಹೇಳಬೇಡಿ. ದನಿ ತಗ್ಗಿಸಿ, ಮಾತು ಕಡಿಮೆ ಮಾಡಿ, ದೂರ ನಿಲ್ಲಿ. ಕೈ ಹಿಡಿಯಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಮಕ್ಕಳನ್ನು ಆಚೆ ಕಳಿಸಿ. ನಾವು "ನೀನು ಮೇಲೆ ಹೋಗಿರು, ನಾನು ನೋಡ್ಕೋತೀನಿ ಕಣೋ" ಎಂಬ ಒಂದೇ ಮಾತು ಗೊತ್ತುಮಾಡಿಕೊಂಡೆವು. ಮನೆಯ ಎಲ್ಲರೂ ಅದನ್ನೇ ಹೇಳುವುದು, ಅದೇ ದನಿಯಲ್ಲಿ. ತಾರಸಿಯ ಮೇಲೆ ಒಂದು ಕುರ್ಚಿ ಹಾಕಿಟ್ಟಿದ್ದೇವೆ. ಇಳಿದ ಮೇಲೆ, ಬೇಕಾದರೆ ಮಾರನೆಯ ದಿನ, ನಡೆದದ್ದನ್ನು ಚಿಕ್ಕದಾಗಿ ಹೇಳಿ. "ನೀನು ಯಾವಾಗಲೂ ಹೀಗೇ" ಎಂಬ ಮಾತು ಬೇಡ.

ಇದರ ಜೊತೆಗೇ ಇನ್ನೊಂದು ಮಾತು. ಕಾಯಿಲೆ ಎಂದು ಹೇಳಿ ಹೆಂಡತಿ ಹೊಡೆತ ತಿನ್ನಬೇಕಿಲ್ಲ. ತಮ್ಮನ ಹೆಂಡತಿಗೆ "ಸಹಿಸಿಕೋ ಅಮ್ಮ, ಪಾಪ ಅವನಿಗೆ ಗೊತ್ತಾಗಲ್ಲ" ಎಂದು ನೆಂಟರು ಉಪದೇಶ ಮಾಡಿದಾಗ ನಾನು ಬಾಯಿ ಹಾಕಿದೆ. ಕೈ ಎತ್ತುವ ಮಟ್ಟಕ್ಕೆ ಬಂದರೆ ಅವಳು ಮಗುವಿನ ಜೊತೆ ನನ್ನ ಮನೆಗೆ ಬಂದುಬಿಡುವುದು ಎಂದು ಮೊದಲೇ ಮಾತಾಡಿಕೊಂಡಿದ್ದೆವು. ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ, ತಲೆಗೆ ಪೆಟ್ಟಾದವರು ಎಂದು ಹೇಳಿ.

ತಾವಾಗಿ ಏಳದವರಿಗೆ ದಿನದ ಕೆಲಸ ಬರೆದು ಗೋಡೆಗೆ ಅಂಟಿಸಿ. "ಅಂಗಡಿ ಕೆಲಸ ನೋಡು" ಎಂದರೆ ಅವರಿಗೆ ಎಲ್ಲಿಂದ ಶುರು ಮಾಡಬೇಕು ಎಂದೇ ತಿಳಿಯುವುದಿಲ್ಲ. ಸಂಕ್ರಾಂತಿಗೆ ಮುಂಚೆ ತಮ್ಮನಿಗೆ ಹಿಂದಿನ ಕೋಣೆಯಲ್ಲಿ ಎಳ್ಳು ಬೆಲ್ಲ ಪ್ಯಾಕ್ ಮಾಡುವ ಕೆಲಸ ಕೊಟ್ಟೆವು. ಗೋಡೆಯ ಮೇಲೆ ಚೀಟಿ: ಕವರ್ ತೆಗೆ, 250 ಗ್ರಾಂ ತೂಗು, ಬಾಯಿ ಸೀಲ್ ಮಾಡು, ಡಬ್ಬಕ್ಕೆ ಹಾಕು. ಒಂದು ಡಬ್ಬ ತುಂಬಿದರೆ ವಿರಾಮ. ಮೊದಲು ಅರ್ಧ ಗಂಟೆಗೇ ಸುಸ್ತಾಗುತ್ತಿದ್ದ. ನಿಧಾನವಾಗಿ ಇಡೀ ಬೆಳಗ್ಗೆ ಕೂರುವಂತಾದ. ಸಂಬಳದ ಕವರ್ ಕೈಗೆ ಕೊಟ್ಟಾಗ ಎಣಿಸಿ ನೋಡಿ "ಕಡಿಮೆ ಆಯ್ತಲ್ಲಕ್ಕಾ" ಎಂದು ನಕ್ಕ.

ಮದ್ಯ ಬೇಡವೇ ಬೇಡ. ಹಿಂದೆ ಎರಡು ಪೆಗ್‌ಗೆ ಏನೂ ಆಗದವರಿಗೆ ಈಗ ಅರ್ಧಕ್ಕೇ ಏರುತ್ತದೆ, ಫಿಟ್ಸ್ ಸಾಧ್ಯತೆ ಹೆಚ್ಚುತ್ತದೆ, ಮಾತ್ರೆಗಳ ಜೊತೆ ಸೇರಿ ಕೆಡುತ್ತದೆ. ಬೈಕ್ ಕೀಲಿಯನ್ನು ಡಾಕ್ಟರ್ ಒಪ್ಪುವ ತನಕ ಕೊಡಬೇಡಿ. ನೀವು ಬೇಡ ಎನ್ನುವುದಕ್ಕಿಂತ ಡಾಕ್ಟರ್ ಬಾಯಲ್ಲಿ ಹೇಳಿಸಿ, ಸಿಟ್ಟು ಅವರ ಮೇಲೆ ಹೋಗಲಿ. ನೋಡಲು ಬರುವ ನೆಂಟರಿಗೆ ಸಮಯ ಗೊತ್ತುಮಾಡಿ. ಒಬ್ಬೊಬ್ಬರೇ ಬರಲಿ, ಕಾಲು ಗಂಟೆ ಸಾಕು. ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಚಿಕ್ಕ ಪೆಟ್ಟಾಗಿ, ಸ್ಕ್ಯಾನ್ ಸರಿಯಿದ್ದು, ತಲೆನೋವು, ಸಿಡುಕು, ಗಮನ ಇಲ್ಲದಿರುವುದು ಮಾತ್ರ ಇರುವವರು ಹೆದರಬೇಡಿ. ಹೆಚ್ಚಿನವರು ಮೂರು ತಿಂಗಳೊಳಗೆ ಸರಿಹೋಗುತ್ತಾರೆ. ಒಂದೆರಡು ದಿನ ವಿಶ್ರಾಂತಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕೆಲಸ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಿದರೆ ಮನಸ್ಸು ಇನ್ನೂ ಕೆಡುತ್ತದೆ. ದೊಡ್ಡ ಪೆಟ್ಟಾದವರಲ್ಲಿ ಮೊದಲ ಆರು ತಿಂಗಳು ಸುಧಾರಣೆ ಬೇಗ, ಆಮೇಲೆ ನಿಧಾನ, ಎರಡು ವರ್ಷ ಕಳೆದ ಮೇಲೂ ಸ್ವಲ್ಪ ಸ್ವಲ್ಪ ಆಗುತ್ತಲೇ ಇರುತ್ತದೆ.

ಕಾಯಬಾರದ ಹೊತ್ತು

ತಲೆನೋವು ಏರುತ್ತಾ ಹೋಗುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಒಂದು ಕಡೆ ಕೈಕಾಲು ಸೋಲುವುದು. ಇದು ಮನೋವೈದ್ಯರ ವಿಷಯವಲ್ಲ, ನೇರ ಕ್ಯಾಷುಯಾಲ್ಟಿಗೆ. ಆಂಬುಲೆನ್ಸ್ 108. ವಯಸ್ಸಾದವರ ಬಗ್ಗೆ ಇನ್ನೂ ಎಚ್ಚರ ಬೇಕು. ಬಚ್ಚಲಲ್ಲಿ ಜಾರಿ ಚಿಕ್ಕ ಪೆಟ್ಟಾಗಿ ಕೆಲವು ವಾರ ಕಳೆದ ಮೇಲೆ ಮಂಕು, ಮರೆವು ಬಂದರೆ ತಲೆಯಲ್ಲಿ ನಿಧಾನವಾಗಿ ರಕ್ತ ಸೇರಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ. ವಯಸ್ಸಾಯ್ತು ಎಂದು ಬಿಡಬೇಡಿ.

ತಲೆಗೆ ಪೆಟ್ಟಾದವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಹೆಚ್ಚು. "ನಾನಿಲ್ಲದಿದ್ದರೆ ನೀವೆಲ್ಲ ಆರಾಮ" ಎಂಬಂಥ ಮಾತು ಬಂದರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸುತ್ತಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ಸುಳ್ಳು. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಮಾತ್ರೆಗಳ ಡಬ್ಬಿ ನಿಮ್ಮ ಹತ್ತಿರ ಇಟ್ಟುಕೊಂಡು ದಿನದ್ದು ದಿನ ಕೊಡಿ. ಅಪಾಯ ತರುವ ಇನ್ನೇನಿದ್ದರೂ ಮನೆಯಿಂದ ಸಾಗಿಸಿ. ಅವತ್ತೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ರಾತ್ರಿಯಾದರೆ ಟೆಲಿ ಮನಸ್ 14416. ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ನೋಡಿಕೊಳ್ಳುವವರೂ ಅದಕ್ಕೆ ಫೋನ್ ಮಾಡಬಹುದು. ತಮ್ಮನ ಹೆಂಡತಿ ಮಾಡಿದ್ದಳು. ಅವಳ ನಿದ್ದೆ ಕೆಟ್ಟಿತ್ತು, ಕೇಳುವವರು ಬೇಕಿತ್ತು.

ಕಾಗದ ಪತ್ರ

2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಪಾಲಿಸಿಯಲ್ಲಿ ಏನಿದೆ ಎಂದು ಓದಿ, ಇಲ್ಲ ಎಂದರೆ ಲಿಖಿತವಾಗಿ ಕೇಳಿ. ಕೆಲಸ ಮಾಡಲಾಗದ ಸ್ಥಿತಿ ಉಳಿದರೆ 2016ರ ಅಂಗವಿಕಲರ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಅಸ್ವಸ್ಥತೆ ಇದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು.

ಬೇರೆಯವರ ವಾಹನದಿಂದ ಅಪಘಾತವಾಗಿದ್ದರೆ ಪರಿಹಾರದ ಕೇಸ್ ಹಾಕಲು ಕಾನೂನು ಇಟ್ಟಿರುವ ಅವಧಿ ಅಪಘಾತದ ದಿನದಿಂದ 6 ತಿಂಗಳು. 2019ರ ತಿದ್ದುಪಡಿಯಲ್ಲಿ ಬಂದದ್ದು ಇದು, ಆದ್ದರಿಂದ ವಕೀಲರನ್ನು ಬೇಗ ಕಾಣಿ. ನಮ್ಮ ವಕೀಲರು ಮೊದಲು ಕೇಳಿದ್ದು ಮುರಿದ ಮೂಳೆ ಎಷ್ಟು ಎಂದು. ಮೂಳೆ ಒಂದೂ ಮುರಿದಿರಲಿಲ್ಲ. ಮನೋವೈದ್ಯರ ಚೀಟಿಗಳು, ನ್ಯೂರೋಸೈಕಾಲಜಿ ವರದಿ, ಅಂಗಡಿಯಲ್ಲಿ ಅವನು ಮುಂಚೆ ಏನು ಕೆಲಸ ಮಾಡುತ್ತಿದ್ದ, ಈಗ ಏನು ಮಾಡಲಾಗುತ್ತಿಲ್ಲ ಎಂಬ ಪಟ್ಟಿ, ಇವನ್ನು ಮುಂದಿಟ್ಟ ಮೇಲೆ ಅವರು ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದರು. ಪ್ರತಿ ಭೇಟಿಯ ಚೀಟಿ ಇಟ್ಟುಕೊಳ್ಳಿ, ದಿನಾಂಕದ ಪ್ರಕಾರ ಜೋಡಿಸಿ. ಥರ್ಮಲ್ ಕಾಗದದ ಬಿಲ್ಲುಗಳು ಕೆಲವು ತಿಂಗಳಲ್ಲಿ ಬಿಳುಪಾಗಿಬಿಡುತ್ತವೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ. ನೋಟ್‌ಬುಕ್ ಯಾರು ಕೇಳಿದರೂ ಅಸಲು ಕೊಡಬೇಡಿ, ಅದರದ್ದೂ ಜೆರಾಕ್ಸ್ ಸಾಕು.